ಸಂಜೆ ಆರಕ್ಕೆ ನಿಲ್ಲುವ ಗಡಿಯಾರ

1996ರ ಆಗಸ್ಟ್ 9ರಂದು ಜಪಾನಿನ ಅಂಗಡಿಗಳಿಗೆ ಒಂದು ವಿಡಿಯೊ ಗೇಮ್ ಕಾರ್ಟ್ರಿಜ್ ಬಂತು. ಬರಬಾರದ ಹೊತ್ತಿನಲ್ಲಿ ಬಂದ ಸರಕು ಅದು. ನಿಂಟೆಂಡೊ 64 ಎಂಬ ಹೊಸ ಯಂತ್ರ ಮಾರಾಟಕ್ಕೆ ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಮೂರು ಆಯಾಮಗಳಲ್ಲಿ ಓಡಾಡುವ ಮಾರಿಯೊನನ್ನು ನೋಡಲು ಮಕ್ಕಳು ಮುಗಿಬೀಳುತ್ತಿದ್ದರು. ಈ ಕಾರ್ಟ್ರಿಜ್ ಹಾಕಬೇಕಿದ್ದುದು ಮಾತ್ರ ಹಳೆಯ ಸೂಪರ್ ಫ್ಯಾಮಿಕಾಮ್‌ಗೆ. ಹಾಕಿದರೆ ಕಾಣುವುದಾದರೂ ಏನು? ಕಲ್ಲು, ಕೊರಡು, ಕಳೆ ತುಂಬಿದ ಹಾಳು ಹೊಲ. ಕೈಗೆ ಒಂದು ಗುದ್ದಲಿ, ಒಂದು ಕುಡುಗೋಲು, ಗಿಡಕ್ಕೆ ನೀರು ಹಾಕುವ ಒಂದು ಕ್ಯಾನು. ಕೊಲ್ಲಲು ರಾಕ್ಷಸರಿಲ್ಲ, ಬಿಡಿಸಿ ತರಲು ರಾಜಕುಮಾರಿಯಿಲ್ಲ. ಹೆಸರು ‘ಬೊಕುಜೊ ಮೊನೊಗತಾರಿ’. ಮರುವರ್ಷ ನಟ್ಸುಮೆ ಎಂಬ ಸಂಸ್ಥೆ ಅದನ್ನು ಅಮೆರಿಕಕ್ಕೆ ಒಯ್ದಾಗ ‘ಹಾರ್ವೆಸ್ಟ್ ಮೂನ್’ ಆಯಿತು.

ಅದನ್ನು ಮಾಡಿದವರು ಯಾಸುಹಿರೊ ವಾಡಾ. ಜಪಾನಿನ ದಕ್ಷಿಣದ ಕ್ಯೂಷು ದ್ವೀಪದಲ್ಲಿ, ಮಿಯಾಝಾಕಿ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಬೆಳೆದು, ಯಾವಾಗ ಊರು ಬಿಟ್ಟೇನೋ ಎಂದು ಕಾದಿದ್ದು ಟೋಕಿಯೊ ಸೇರಿದವರು. ಸೇರಿದ ಮೇಲೆ ಊರು ನೆನಪಾಗತೊಡಗಿತು. ಇದೇನೂ ಅಪರೂಪದ ಕತೆಯಲ್ಲ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿದವರಲ್ಲಿ ಅರ್ಧ ಜನ ಹೇಳುವುದೂ ಇದನ್ನೇ. ವಾಡಾ ಆ ಹಂಬಲವನ್ನು ಒಂದು ಆಟವನ್ನಾಗಿ ಮಾಡಹೊರಟರು, ಅದೂ ಹೊಡೆದಾಟವಿಲ್ಲದ ಆಟವನ್ನು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅವರೇ ಇದನ್ನೆಲ್ಲ ವಿವರಿಸಿದರು. ಕೆಲಸ ನಡುದಾರಿಯಲ್ಲಿದ್ದಾಗ, ಗುತ್ತಿಗೆ ಹಿಡಿದಿದ್ದ ಕಂಪನಿ ದಿವಾಳಿಯಾಗಿತ್ತು. ಉಳಿದ ಬೆರಳೆಣಿಕೆಯ ಮಂದಿ ಅರೆಬರೆ ಆಟವನ್ನು ಎದುರಿಗಿಟ್ಟುಕೊಂಡು, ಆಗದ್ದನ್ನೆಲ್ಲ ಕತ್ತರಿಸಿ ಎಸೆದು, ಆಗುವಷ್ಟನ್ನು ಮುಗಿಸಿದರು.

ಆ ಮೊದಲ ಆಟದಲ್ಲಿ ಗಡಿಯಾರದ ಲೆಕ್ಕ ವಿಚಿತ್ರವಾಗಿತ್ತು. ಬೆಳಿಗ್ಗೆ ಆರಕ್ಕೆ ಏಳುತ್ತೀರಿ. ಹೊತ್ತು ಸರಸರನೆ ಓಡುತ್ತದೆ. ಸಂಜೆ ಐದಕ್ಕೆ ಬೆಳೆ ಒಯ್ಯುವವನು ಬಂದು ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋಗುತ್ತಾನೆ. ಅಷ್ಟರೊಳಗೆ ಟರ್ನಿಪ್, ಆಲೂಗಡ್ಡೆ ಕಿತ್ತು ಹಾಕಿರಬೇಕು. ಆರು ಗಂಟೆಗೆ ಗಡಿಯಾರ ನಿಲ್ಲುತ್ತದೆ, ನಿಂತೇ ಬಿಡುತ್ತದೆ. ನೀವಾಗಿ ಹೋಗಿ ಮಲಗುವವರೆಗೂ ಅದೇ ರಾತ್ರಿ. ಕತ್ತಲಲ್ಲಿ ಇಡೀ ಹೊಲ ಅಗೆಯಬಹುದು, ಸಾಲುಸಾಲಿಗೂ ನೀರು ಹಾಕಬಹುದು, ಬೆಳಗಾಗುವ ಭಯವಿಲ್ಲ. ದೇಹದ ಕಸುವು ಮುಗಿದರಷ್ಟೇ ತೊಂದರೆ. ಆದರೆ ದಿನಕ್ಕಿದ್ದ ಈ ಸಡಿಲು ಆಯುಷ್ಯಕ್ಕಿರಲಿಲ್ಲ. ಎರಡೂವರೆ ವರ್ಷಕ್ಕೆ ಅಪ್ಪ, ಅಮ್ಮ ಊರಿಗೆ ಮರಳುತ್ತಾರೆ, ಮಗ ಹೊಲವನ್ನು ಏನು ಮಾಡಿಟ್ಟಿದ್ದಾನೆಂದು ನೋಡುತ್ತಾರೆ, ಆಟ ಮುಗಿಯುತ್ತದೆ.

ಕೃಷಿ ಆಟಗಳ ಅಭಿಮಾನಿಗಳು ಮುಂದಿನ ಮೂವತ್ತು ವರ್ಷ ಮಾಡಿದ ಜಗಳಗಳ ಬೀಜ ಇಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಹೊರನೋಟಕ್ಕೆ ಅವರು ಚಿತ್ರದ ಶೈಲಿಗೆ, ಪಾತ್ರಗಳ ಹೆಸರಿಗೆ, ಕಂಪನಿಗಳ ದುರಾಸೆಗೆ ಜಗಳ ಕಾಯುತ್ತಾರೆ. ಕೆದಕಿದರೆ ಕೇಳುವ ಪ್ರಶ್ನೆ ಒಂದೇ: ಈ ಹೊಲದಲ್ಲಿ ಹೊತ್ತು ಯಾರ ಕೈಯಲ್ಲಿರಬೇಕು? ಆಟಗಾರನ ಕೈಯಲ್ಲೋ, ಹೊಲದ ಕೈಯಲ್ಲೋ?

ಮೊದಲ ಬಿರುಕು ಬೇಗನೆ ಬಂತು. 1999ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ‘ಹಾರ್ವೆಸ್ಟ್ ಮೂನ್ 64’ ಬಂತು. ಅದೇ ವರ್ಷದ ಕೊನೆಯಲ್ಲಿ ಪ್ಲೇಸ್ಟೇಷನ್‌ಗೆ ‘ಬ್ಯಾಕ್ ಟು ನೇಚರ್’. ಎರಡರಲ್ಲೂ ಅದೇ ಮುಖಗಳು: ಕ್ಯಾರೆನ್, ಪೊಪುರಿ, ಆ್ಯನ್, ಎಲ್ಲಿ. ಬದುಕು ಮಾತ್ರ ಬೇರೆ. 64ರ ಕ್ಯಾರೆನ್ ಸೊರಗಿದ ದ್ರಾಕ್ಷಿ ತೋಟದ ಮಗಳು, ಅಪ್ಪನ ಜೊತೆ ಮಾತು ಕಡಿಮೆ, ಒಳಗೊಳಗೇ ಕುದಿಯುವವಳು. ಪ್ಲೇಸ್ಟೇಷನ್‌ನ ಕ್ಯಾರೆನ್ ಊರ ಅಂಗಡಿಯವರ ಮಗಳು. ಅಲ್ಲಿ ಬೇಕರಿಯಲ್ಲಿದ್ದ ಎಲ್ಲಿ ಇಲ್ಲಿ ನರ್ಸ್, ಹೂವಿನಂಗಡಿಯ ಪೊಪುರಿ ಇಲ್ಲಿ ಕೋಳಿ ಸಾಕುವವರ ಮನೆಯ ಹುಡುಗಿ. ಅದೇ ನಟರಿಗೆ ಬೇರೆ ವೇಷ ತೊಡಿಸಿದ ನಾಟಕ ಕಂಪನಿಯ ಹಾಗೆ. ಯಾರು ಯಾವುದನ್ನು ಮೊದಲು ಆಡಿದರೋ ಅವರಿಗೆ ಅದೇ ಅಸಲಿ ಕ್ಯಾರೆನ್, ಇನ್ನೊಬ್ಬಳು ನಕಲಿ. 64ರ ಪಕ್ಷದವರು ಇವತ್ತಿಗೂ ತಮ್ಮ ಊರಿನ ಜನರಲ್ಲಿ ಇದ್ದ ಕಹಿ, ಬೇಸರ, ಬಡತನವನ್ನು ಹೊಗಳುತ್ತಾರೆ. ಎರಡನೆಯ ಪಕ್ಷ ದೊಡ್ಡದು, ಏಕೆಂದರೆ ‘ಬ್ಯಾಕ್ ಟು ನೇಚರ್’ನ ಊರೇ 2003ರಲ್ಲಿ ‘ಫ್ರೆಂಡ್ಸ್ ಆಫ್ ಮಿನರಲ್ ಟೌನ್’ ಆಗಿ ಗೇಮ್‌ಬಾಯ್ ಅಡ್ವಾನ್ಸ್‌ಗೆ, ಅಂದರೆ ಮಕ್ಕಳ ಜೇಬಿಗೇ ಬಂತು.

ಈ ಊರುಗಳಲ್ಲಿ ಇನ್ನೊಂದು ಸಂಗತಿಯಿತ್ತು. ನೀವು ಒಬ್ಬ ಹುಡುಗಿಯನ್ನು ಮೆಚ್ಚಿ, ಹೇಳದೆ ತಡಮಾಡಿದರೆ ಅವಳು ಕಾಯುತ್ತ ಕೂರುವುದಿಲ್ಲ. ಊರಿನ ಬೇರೊಬ್ಬ ಹುಡುಗನ ಜೊತೆ ಮದುವೆಯಾಗಿ ಹೋಗುತ್ತಾಳೆ. ನೀವು ಟರ್ನಿಪ್‌ಗೆ ನೀರು ಹಾಕುತ್ತಿದ್ದಾಗ ಊರಿನ ಬದುಕು ತನ್ನ ಪಾಡಿಗೆ ಸಾಗಿರುತ್ತದೆ. ಕೆಲವರಿಗೆ ಇದು ಎದೆಗೆ ಚುಚ್ಚಿತು, ಕೆಲವರಿಗೆ ಇದರಿಂದಲೇ ಊರು ನಿಜವೆನಿಸಿತು.

ಗಡಿಯಾರ ನಿಜಕ್ಕೂ ಕರುಣೆ ಬಿಟ್ಟದ್ದು 2003ರ ಸೆಪ್ಟೆಂಬರಿನಲ್ಲಿ, ಗೇಮ್‌ಕ್ಯೂಬ್‌ಗೆ ಬಂದ ‘ಎ ವಂಡರ್‌ಫುಲ್ ಲೈಫ್’ನಲ್ಲಿ. ಈ ಆಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಸರಣಿಯಲ್ಲಿ ಇಷ್ಟು ಹಟಮಾರಿ ಆಟ ಮತ್ತೊಂದಿಲ್ಲ. ತೀರಿಹೋದ ಅಪ್ಪನ ಗೆಳೆಯ ತಕಾಕುರಾ ನಿಮ್ಮನ್ನು ಒಂದು ಕಣಿವೆಗೆ ಕರೆತರುತ್ತಾನೆ. ಕೊಟ್ಟಿಗೆಯಲ್ಲಿ ಒಂದು ಹಸು ಇದೆ. ಹಿಂದಿನ ಆಟಗಳಲ್ಲಿ ಹಸುವಿಗೆ ಮೇವು ಹಾಕಿ ಮೈ ತಿಕ್ಕಿದರೆ ಮುಗಿಯಿತು, ವರ್ಷವಿಡೀ ಕರೆಯಬಹುದಿತ್ತು. ಇಲ್ಲಿ ಹಾಗಿಲ್ಲ. ಹಸು ಗಬ್ಬವಾಗಬೇಕು, ಕರು ಹಾಕಬೇಕು, ಆಮೇಲೆ ಹಾಲು. ಕೆಲಕಾಲಕ್ಕೆ ಕೆಚ್ಚಲು ಬತ್ತುತ್ತದೆ, ಮತ್ತೆ ಗಬ್ಬ ಕಟ್ಟಿಸಬೇಕು. ಹುಟ್ಟಿದ್ದು ಗಂಡುಕರುವಾದರೆ ಅದನ್ನೇನು ಮಾಡುವುದೆಂಬ ಚಿಂತೆ. ಹೈನು ಮಾಡುವ ಯಾರ ಮನೆಯಲ್ಲಾದರೂ ಕೇಳಿ, ಇದರಲ್ಲಿ ಹೊಸದೇನಿದೆ ಎಂದಾರು. ಆದರೆ ಮುದ್ದಾದ ಹಸುವಿಗೆಂದು ಬಂದಿದ್ದ ಪಟ್ಟಣದ ಮಕ್ಕಳು ಬೆಚ್ಚಿಬಿದ್ದರು.

ಅಷ್ಟೇ ಅಲ್ಲ. ಮೊದಲ ವರ್ಷ ಮುಗಿಯುವುದರೊಳಗೆ ಮದುವೆಯಾಗದಿದ್ದರೆ ಆಟವೇ ಅಲ್ಲಿಗೆ ಮುಕ್ತಾಯ. ಒಂದೊಂದು ಋತುವಿಗೆ ಹತ್ತೇ ದಿನ. ಮಗ ಹುಟ್ಟುತ್ತಾನೆ, ತೆವಳುತ್ತಾನೆ, ರಚ್ಚೆ ಹಿಡಿಯುತ್ತಾನೆ, ಮೀಸೆ ಮೂಡುವ ವಯಸ್ಸಿನಲ್ಲಿ ಮಾತು ಬಿಡುತ್ತಾನೆ. ಅವನ ಕೈಗೆ ನೀವು ಏನು ಕೊಟ್ಟಿರಿ, ಯಾರ ಹತ್ತಿರ ಕರೆದೊಯ್ದಿರಿ ಎಂಬುದರ ಮೇಲೆ ಅವನು ಮುಂದೆ ಏನಾಗುತ್ತಾನೆಂಬುದು ತೀರ್ಮಾನವಾಗುತ್ತದೆ. ಹೊಲವನ್ನೇ ನಂಬಿ ಬದುಕಿದವನ ಮಗ ಹೊಲ ಬೇಡವೆನ್ನಲೂಬಹುದು. ನಿಮ್ಮ ತಲೆಗೂದಲು ನೆರೆಯುತ್ತದೆ, ಹೆಂಡತಿಗೂ ವಯಸ್ಸಾಗುತ್ತದೆ. ಕೊನೆಗೆ ನೀವು ಸಾಯುತ್ತೀರಿ. ಮಕ್ಕಳ ಆಟವೆಂದು ಮಾರಾಟವಾದ ಡಿಸ್ಕಿನಲ್ಲಿ ಇದು!

ಒಂದು ಗುಂಪು ಇದನ್ನು ಸರಣಿಯ ಶಿಖರ ಎಂದಿತು. ಇನ್ನೊಂದು ಗುಂಪಿಗೆ ಇದು ಜಡ, ನಿಧಾನ, ಮಾಡಲು ಕೆಲಸವೇ ಇಲ್ಲದ ಆಟ. ಕಣಿವೆ ಚಿಕ್ಕದು, ಹಬ್ಬಗಳು ಕಡಿಮೆ ಎಂಬ ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಡುವಿನ ಅಧ್ಯಾಯಗಳಲ್ಲಿ ದಿನಗಳು ನಿಜಕ್ಕೂ ಒಂದರ ಹಾಗೆ ಒಂದು. ನನ್ನ ಮಟ್ಟಿಗೆ, ಆ ಜಡತ್ವ ಇಲ್ಲದಿದ್ದರೆ ಆ ಸಾವಿಗೆ ತೂಕ ಬರುತ್ತಿರಲಿಲ್ಲ. ಮಾರುಕಟ್ಟೆ ಯಾರ ಮಾತು ಕೇಳಿತು ಎಂಬುದು ಮುಂದಿನ ಆಟಗಳನ್ನು ನೋಡಿದರೆ ಗೊತ್ತಾಗುತ್ತದೆ. ಸರಣಿಯ ಮುಂದಿನ ಮುಖ್ಯ ಆಟಗಳಲ್ಲಿ ನಾಯಕನಿಗೆ ಸಾವು ಬರಲಿಲ್ಲ. 2006ರಲ್ಲಿ ‘ರೂನ್ ಫ್ಯಾಕ್ಟರಿ’ ಎಂಬ ಕವಲು ಒಡೆಯಿತು. ವಾಡಾ ದೂರವಿಟ್ಟಿದ್ದ ಕತ್ತಿ ಅಲ್ಲಿ ರೈತನ ಕೈಗೆ ಬಂತು. ಹೊಡೆದಾಟ ಬೇಕಾದವರು ಅತ್ತ ಹೋದರು, ಇತ್ತ ಸ್ವಲ್ಪ ಶಾಂತಿ ನೆಲೆಸಿತು.

ಅಷ್ಟರಲ್ಲಿ ಕನ್ಸೋಲಿನ ಹೆಸರೇ ಕೇಳದವರ ಮನೆಗೂ ಒಂದು ಹೊಲ ಬಂತು. 2009ರ ಜೂನ್‌ನಲ್ಲಿ ಜಿಂಗಾ ಕಂಪನಿ ಫೇಸ್‌ಬುಕ್‌ನಲ್ಲಿ ‘ಫಾರ್ಮ್‌ವಿಲ್’ ತೆರೆಯಿತು. ಉಚ್ಛ್ರಾಯದಲ್ಲಿ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಅದರಲ್ಲಿ ಉಳುತ್ತಿದ್ದರು. ಇಲ್ಲಿಯ ಗಡಿಯಾರ ಆಟದ್ದಲ್ಲ, ನಿಮ್ಮ ಗೋಡೆಯದ್ದು. ಸ್ಟ್ರಾಬೆರಿ ಬಿತ್ತಿದರೆ ನಾಲ್ಕು ತಾಸಿಗೆ ಕೊಯ್ಲು. ನೀವು ಮೀಟಿಂಗಿನಲ್ಲಿದ್ದಿರೋ ನಿದ್ದೆ ಹೋದಿರೋ, ಬೆಳೆ ಕೇಳುವುದಿಲ್ಲ, ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಯಲಾರದವರು ದುಡ್ಡು ಕೊಟ್ಟು ದಾರಿ ಹತ್ತಿರ ಮಾಡಿಕೊಳ್ಳಬಹುದು, ಇಲ್ಲವೇ ಬಂಧುಬಳಗಕ್ಕೆಲ್ಲ ಕೋರಿಕೆ ಕಳಿಸಬಹುದು. ಹೊತ್ತನ್ನು ಮಾರುವ ವ್ಯಾಪಾರ ಕೃಷಿ ಆಟಕ್ಕೆ ಕಾಲಿಟ್ಟಿದ್ದು ಹೀಗೆ. ಹಾರ್ವೆಸ್ಟ್ ಮೂನ್‌ನ ಹಳಬರು ಇದನ್ನು ಆಟವೆಂದೇ ಒಪ್ಪಲಿಲ್ಲ. ಆದರೆ ಮೊಮ್ಮಕ್ಕಳ ಹೊಲಕ್ಕೆ ದಿನಾ ಗೊಬ್ಬರ ಹಾಕುತ್ತಿದ್ದ ಅಜ್ಜಿಯರಿಗೆ ಹಳಬರ ಅಪ್ಪಣೆ ಬೇಕಿರಲಿಲ್ಲ. 2020ರ ಡಿಸೆಂಬರ್ 31ರಂದು, ಫ್ಲ್ಯಾಶ್ ತಂತ್ರಾಂಶದ ಜೊತೆಗೇ, ಆ ಹೊಲಗಳೆಲ್ಲ ಒಂದೇ ರಾತ್ರಿಯಲ್ಲಿ ಅಳಿಸಿಹೋದವು.

ಹಳೆಯ ಮನೆಯೊಳಗೂ ಪಾಲಾಗುವ ಕಾಲ ಹತ್ತಿರ ಬಂದಿತ್ತು. ಮೂಲ ಪ್ರಕಾಶಕ ಪ್ಯಾಕ್-ಇನ್-ವಿಡಿಯೊ ಕೈಬದಲಾಗಿ, 2003ರ ಹೊತ್ತಿಗೆ ಸರಣಿ ಮಾರ್ವೆಲಸ್ ಕಂಪನಿಯ ಪಾಲಾಗಿತ್ತು. ವಾಡಾ 2010ರಲ್ಲಿ ಮಾರ್ವೆಲಸ್ ಬಿಟ್ಟರು, ಮುಂದೆ ತಮ್ಮದೇ ‘ಟಾಯ್‌ಬಾಕ್ಸ್’ ಕಂಪನಿ ಕಟ್ಟಿಕೊಂಡರು. 2014ರಲ್ಲಿ ಮಾರ್ವೆಲಸ್, ಇಷ್ಟು ವರ್ಷ ತನ್ನ ಆಟಗಳನ್ನು ಇಂಗ್ಲಿಷಿಗೆ ತರುತ್ತಿದ್ದ ನಟ್ಸುಮೆಯನ್ನು ಬಿಟ್ಟು, ತನ್ನದೇ ಅಂಗಸಂಸ್ಥೆ ಎಕ್ಸ್‌ಸೀಡ್‌ಗೆ ಆ ಕೆಲಸ ಒಪ್ಪಿಸಿತು. ಆಗ ತಿಳಿದದ್ದು: ಆಟ ಮಾರ್ವೆಲಸ್‌ನದು, ‘ಹಾರ್ವೆಸ್ಟ್ ಮೂನ್’ ಎಂಬ ಹೆಸರು ಮಾತ್ರ ನಟ್ಸುಮೆಯದು. ಅಣ್ಣನಿಗೆ ಹೊಲ, ತಮ್ಮನಿಗೆ ಪಹಣಿಯಲ್ಲಿನ ಹೆಸರು.

ಅಸಲಿ ಸರಣಿ 2015ರಿಂದ ‘ಸ್ಟೋರಿ ಆಫ್ ಸೀಸನ್ಸ್’ ಎಂಬ ಯಾರಿಗೂ ಗೊತ್ತಿಲ್ಲದ ಹೆಸರಿನಲ್ಲಿ ಅಮೆರಿಕದ ಅಂಗಡಿಗೆ ಬಂತು. ಅದಕ್ಕೂ ಮೊದಲೇ, 2014ರ ನವೆಂಬರಿನಲ್ಲಿ, ನಟ್ಸುಮೆ ತಾನೇ ಮಾಡಿಸಿದ ‘ಹಾರ್ವೆಸ್ಟ್ ಮೂನ್: ದಿ ಲಾಸ್ಟ್ ವ್ಯಾಲಿ’ಯನ್ನು ಹಳೆಯ ಹೆಸರಿನ ಬಲದ ಮೇಲೆ ಮಾರಾಟಕ್ಕಿಟ್ಟಿತ್ತು. ಮೈನ್‌ಕ್ರಾಫ್ಟ್‌ನಂತೆ ನೆಲವನ್ನೇ ಅಗೆದು ಏರಿಸಿ ಇಳಿಸುವ ಆಟ ಅದು. ಹುಟ್ಟುಹಬ್ಬಕ್ಕೆ ಮಕ್ಕಳಿಗೆ ‘ಹಾರ್ವೆಸ್ಟ್ ಮೂನ್’ ತಂದುಕೊಟ್ಟ ಪೋಷಕರಿಗೆ ಈ ರಾಮಾಯಣವೆಲ್ಲ ತಿಳಿಯುವುದಾದರೂ ಹೇಗೆ? ಅಭಿಮಾನಿಗಳು ಊರೂರಿಗೆ ಡಂಗುರ ಸಾರುವವರಂತೆ ಯಾವುದು ಅಸಲಿ, ಯಾವುದು ಅಲ್ಲ ಎಂದು ಹೊಸಬರಿಗೆ ತಿಳಿಹೇಳುತ್ತ ವರ್ಷಗಳನ್ನೇ ಕಳೆದರು. ನಟ್ಸುಮೆಯ ಆಟಗಳನ್ನು ಮೆಚ್ಚಿದವರೂ ಇದ್ದರು, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಸ್ವಲ್ಪ ಧೈರ್ಯ ಬೇಕಿತ್ತು.

ಈ ದಾಯಾದಿ ಕಲಹದ ನಡುವೆ ಮೂರನೆಯವನು ಬಂದು ಹೊಲ ಉತ್ತ. ಎರಿಕ್ ಬ್ಯಾರೋನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಕೋಮಾ ಕ್ಯಾಂಪಸ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ 2011ರಲ್ಲಿ ಹೊರಬಿದ್ದ ಹುಡುಗ. ಸರಿಯಾದ ಕೆಲಸ ಸಿಕ್ಕಿರಲಿಲ್ಲ. ಸಿಯಾಟಲ್‌ನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುತ್ತ, ಕೈ ಪಳಗಲೆಂದು ಒಂದು ಸಣ್ಣ ಆಟ ಬರೆಯಲು ಕೂತ. ‘ಬ್ಯಾಕ್ ಟು ನೇಚರ್’ ನಂತರ ಹಾರ್ವೆಸ್ಟ್ ಮೂನ್ ಸೊರಗುತ್ತಲೇ ಹೋಯಿತೆಂಬ ಅಸಮಾಧಾನವೇ ತನ್ನನ್ನು ಕೂರಿಸಿತೆಂದು ಆತ ಹೇಳಿಕೊಂಡಿದ್ದಾನೆ. ಅಂದರೆ ಮೊದಲ ಬಿರುಕಿನ ಒಂದು ಪಕ್ಷದ ಕಾರ್ಯಕರ್ತ ಜಗಳ ಬಿಟ್ಟು ತಾನೇ ಊರು ಕಟ್ಟಿದ. ಚಿತ್ರ, ಸಂಗೀತ, ಮಾತು, ಕೋಡು ಎಲ್ಲವೂ ಒಬ್ಬನದೇ. ನಾಲ್ಕೂವರೆ ವರ್ಷದ ದುಡಿಮೆಯ ಕೊನೆಗೆ, 2016ರ ಫೆಬ್ರವರಿ 26ರಂದು ‘ಸ್ಟಾರ್‌ಡ್ಯೂ ವ್ಯಾಲಿ’ ಬಂತು. 2024ರ ಕೊನೆಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಇದರ ಗಡಿಯಾರ ಎಂಥದ್ದು? ಆಟದ ಹತ್ತು ನಿಮಿಷಕ್ಕೆ ನಮ್ಮ ಏಳು ಸೆಕೆಂಡು. ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗೆ ಒಂದೇ ಸಮನೆ ಓಡುತ್ತದೆ. ಎರಡು ಗಂಟೆಗೆ ಎಲ್ಲಿದ್ದೀರೋ ಅಲ್ಲೇ ಕುಸಿದು ಬೀಳುತ್ತೀರಿ. ವಾಡಾ ಕೊಟ್ಟಿದ್ದ ಕೊನೆಯಿಲ್ಲದ ರಾತ್ರಿ ಇಲ್ಲಿಲ್ಲ. ದಿನದ ಮಟ್ಟಿಗೆ ಬ್ಯಾರೋನ್ ಬಿಗಿ, ಆಯುಷ್ಯದ ಮಟ್ಟಿಗೆ ಉದಾರಿ. ಮೂರನೆಯ ವರ್ಷದ ಮೊದಲ ದಿನ ಸತ್ತ ಅಜ್ಜನ ಆತ್ಮ ಬಂದು ನಿಮ್ಮ ಕೆಲಸ ನೋಡಿ ಅಂಕ ಕೊಡುತ್ತದೆ, ಸಮಾಧಿಯ ಬಳಿ ಒಂದರಿಂದ ನಾಲ್ಕರವರೆಗೆ ಮೊಂಬತ್ತಿ ಹಚ್ಚುತ್ತದೆ. ಆಟ ಅಲ್ಲಿಗೆ ಮುಗಿಯುವುದಿಲ್ಲ. ಅಂಕ ಕಡಿಮೆ ಬಿತ್ತೇ? ಸಮಾಧಿಗೆ ಒಂದು ವಜ್ರ ಇಟ್ಟರೆ ಅಜ್ಜ ಮತ್ತೆ ಬಂದು ಮೌಲ್ಯಮಾಪನ ಮಾಡುತ್ತಾನೆ. ನಮ್ಮ ಪಿಯುಸಿ ಮಕ್ಕಳ ಮರುಮೌಲ್ಯಮಾಪನದ ಅರ್ಜಿಗಿಂತ ಇದು ಖಾತ್ರಿ. ಊರಿನ ಮಕ್ಕಳು ಎಷ್ಟು ವರ್ಷ ಕಳೆದರೂ ಮಕ್ಕಳೇ, ನಿಮಗೆ ಹುಟ್ಟಿದ ಕೂಸು ತೊದಲುಹೆಜ್ಜೆಯ ಆಚೆ ಬೆಳೆಯುವುದೇ ಇಲ್ಲ. ಮೆಚ್ಚಿದವರು ಎಷ್ಟು ವರ್ಷವಾದರೂ ಕಾಯುತ್ತಾರೆ.

ಹಾಗಾಗಿ ಸ್ಟಾರ್‌ಡ್ಯೂ ಆಡುವವರಲ್ಲೇ ಎರಡು ಮತಗಳಾದವು. ಒಬ್ಬರು ಲೆಕ್ಕದ ಜನ. ಒಂದು ಇರಿಡಿಯಂ ಸ್ಪ್ರಿಂಕ್ಲರ್ ಸುತ್ತಲಿನ 24 ಪಾತಿಗೆ ತಾನೇ ನೀರು ಹಾಯಿಸುತ್ತದೆ. ಅಂಥವನ್ನು ಹೊಲದ ತುಂಬ ನೆಟ್ಟು, ಶೆಡ್ಡುಗಳ ತುಂಬ ಹಣ್ಣಿನ ವೈನ್ ಮಾಡುವ ಪೀಪಾಯಿಗಳನ್ನು ಸಾಲಾಗಿಟ್ಟು, ಒಂದು ನಿಮಿಷವೂ ಪೋಲಾಗದಂತೆ ಹಣ ಬೆಳೆಯುವವರು. ಇನ್ನೊಬ್ಬರು ಅಡ್ಡಾಡುವ ಜನ, ಮೀನು ಹಿಡಿದು, ಮನೆಗೆ ಗೋಡೆ ಕಾಗದ ಬದಲಿಸಿ, ಗಡಿಯಾರವೇ ಕಿರಿಕಿರಿಯೆಂದು ಹೊತ್ತನ್ನು ನಿಧಾನಿಸುವ ಮಾಡ್ (ಅಭಿಮಾನಿಗಳೇ ಬರೆದ ಮಾರ್ಪಾಡು) ಹಾಕಿಕೊಳ್ಳುವವರು. ತಮಾಷೆಯೆಂದರೆ ಊರನ್ನು ನುಂಗಲು ಬಂದ ಜೋಜಾ ಕಂಪನಿಯನ್ನು ಖಳನನ್ನಾಗಿ ಮಾಡಿದ ಆಟದಲ್ಲೇ ಲೆಕ್ಕದ ಜನ ಜೋಜಾವನ್ನು ನಾಚಿಸುವಂಥ ಕಾರ್ಖಾನೆ ಕಟ್ಟಿದರು.

ಸ್ಟಾರ್‌ಡ್ಯೂ ಗೆದ್ದ ಮೇಲೆ ಮೂಲ ಸರಣಿ ತನ್ನ ಹಳೆಯ ಪೆಟ್ಟಿಗೆ ತೆರೆಯಿತು. 2019ರಲ್ಲಿ ಜಪಾನಿನಲ್ಲಿ, ಮರುವರ್ಷ ಹೊರಗೆ, ‘ಫ್ರೆಂಡ್ಸ್ ಆಫ್ ಮಿನರಲ್ ಟೌನ್’ ಹೊಸದಾಗಿ ಬಂತು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ವರಿಸಬಹುದಾಯಿತು. ಇದಕ್ಕಾಗಿ ಬಹುಕಾಲ ಕಾದವರಿಗೆ ಅದು ಹಬ್ಬ. ಕೊಟ್ಟಿಗೆಯಲ್ಲಿ ಸ್ಟ್ರಾಬೆರಿ ಹಾಲು ಕರೆಯುವ ಗುಲಾಬಿ ಹಸು ನಿಂತಿತು. ಆದರೆ ಆ ಹಳೆಯ ಚುಚ್ಚು, ತಡಮಾಡಿದರೆ ಮೆಚ್ಚಿದವರು ಬೇರೆಯವರನ್ನು ಮದುವೆಯಾಗುವ ಪದ್ಧತಿ, ಹೋಯಿತು. ಹಳಬರು ಗೊಂಬೆಯಂಥ ಮುಖಗಳನ್ನು ಬೈದರು, ನಿಜವಾಗಿ ಅವರಿಗೆ ತಪ್ಪಿಹೋಗಿದ್ದು ಆ ಚುಚ್ಚು ಎಂದು ನನಗನ್ನಿಸುತ್ತದೆ. 2021ರ ‘ಪಯೊನಿಯರ್ಸ್ ಆಫ್ ಆಲಿವ್ ಟೌನ್’ನ ಕತೆ ಬೇರೆ. ಅಲ್ಲಿ ಮರ ಹಲಗೆಯಾಗಲು ಒಂದು ಯಂತ್ರ, ಅದಿರು ಲೋಹವಾಗಲು ಇನ್ನೊಂದು, ಹುಲ್ಲಿಗೆ ಮತ್ತೊಂದು. ಹೊಲದಲ್ಲಿ ಬೆಳೆಗಿಂತ ಯಂತ್ರಗಳೇ ಹೆಚ್ಚಾದವು. ಅದರ ಮೇಲೆ ಬಾಗಿಲು ದಾಟಿದರೆ ಕಾಯಿಸುವ ಪರದೆ. ಜಪಾನಿನ ಆಟಗಾರರ ಸಿಟ್ಟಿಗೆ ಮಾರ್ವೆಲಸ್ ಬಹಿರಂಗವಾಗಿ ಕ್ಷಮೆ ಕೇಳಿ, ಪ್ಯಾಚ್‌ಗಳ ಮೂಲಕ ಸರಿಪಡಿಸಬೇಕಾಯಿತು.

ಹೊತ್ತು ಯಾರ ಕೈಯಲ್ಲಿರಬೇಕೆಂಬ ವ್ಯಾಜ್ಯ ಟ್ರ್ಯಾಕ್ಟರ್ ಮಂದಿಯ ಬೀದಿಯಲ್ಲೂ ನಡೆದಿತ್ತು. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ 2008ರಿಂದ ತರುತ್ತಿರುವ ‘ಫಾರ್ಮಿಂಗ್ ಸಿಮ್ಯುಲೇಟರ್’ನಲ್ಲಿ ಬಹುಕಾಲ ಋತುಗಳೇ ಇರಲಿಲ್ಲ. ಗೋಧಿಯನ್ನು ಯಾವ ದಿನ ಬೇಕಾದರೂ ಬಿತ್ತಬಹುದಿತ್ತು. ಇದೆಂಥ ಬೇಸಾಯ ಎಂದು ಕೆಲವು ಅಭಿಮಾನಿಗಳು ತಾವೇ ಋತುಗಳ ಮಾಡ್ ಬರೆದರು. 2021ರ ಆವೃತ್ತಿಯಲ್ಲಿ ಕಂಪನಿ ಋತುಚಕ್ರವನ್ನು ಒಳಗೇ ಸೇರಿಸಿತು, ಜೊತೆಗೆ ಬೇಡವಾದವರಿಗೆ ಆರಿಸುವ ಗುಂಡಿಯನ್ನೂ ಕೊಟ್ಟಿತು. ಜಾಣತನದ ರಾಜಿ. 2024ರ ನವೆಂಬರಿನ ಆವೃತ್ತಿಯಲ್ಲಿ ಭತ್ತದ ಗದ್ದೆ, ಎಮ್ಮೆ ಬಂದವು. ಆದರೆ ಭತ್ತದ ವಿಷಯದಲ್ಲಿ ಅದಕ್ಕೂ ನಾಲ್ಕು ವರ್ಷ ಮುಂಚೆ ಜಪಾನಿನ ಎಡೆಲ್ವೈಸ್ ಎಂಬ ಪುಟ್ಟ ತಂಡ ಎಲ್ಲರನ್ನೂ ಮೀರಿಸಿತ್ತು. ಅವರ ‘ಸಕುನಾ’ದಲ್ಲಿ ಋತುವಿಗೆ ಮೂರೇ ದಿನ. ಅಂಥ ಋತುಗಳ ಒಂದು ವರ್ಷದಲ್ಲಿ ಬೀಜ ಆರಿಸಿ, ಸಸಿಗಳನ್ನು ಒಂದೊಂದಾಗಿ ನಾಟಿ ಮಾಡಿ, ಗದ್ದೆಯ ನೀರನ್ನು ಹೊತ್ತಿಗೆ ತಕ್ಕಂತೆ ಏರಿಸಿ ಇಳಿಸಿ, ಕಳೆ ಕಿತ್ತು, ಕೊಯ್ದು, ಒಣಹಾಕಿ, ಒಕ್ಕಿ, ಅಕ್ಕಿ ಮಾಡಬೇಕು. ದಾರಿ ತೋಚದ ಆಟಗಾರರು ಜಪಾನಿನ ಕೃಷಿ ಸಚಿವಾಲಯದ ಜಾಲತಾಣ ತೆರೆದು ಭತ್ತದ ಬೇಸಾಯ ಓದಿಕೊಂಡರು. ಅಲ್ಲಿ ಹೇಳಿದ್ದು ಆಟದಲ್ಲೂ ಫಲ ಕೊಟ್ಟಿತು!

2023ರ ಬೇಸಿಗೆಯಲ್ಲಿ ‘ಎ ವಂಡರ್‌ಫುಲ್ ಲೈಫ್’ ಕೂಡ ಹೊಸ ರೂಪದಲ್ಲಿ ಇಂಗ್ಲಿಷಿಗೆ ಬಂತು. ನಾಯಕ ಗಂಡೋ ಹೆಣ್ಣೋ ಎರಡೂ ಅಲ್ಲವೋ, ನೀವೇ ಆರಿಸಿಕೊಳ್ಳಬಹುದು. ಕಣಿವೆಯ ಹುಡುಗಿಯರಲ್ಲಿ ಮಫಿ ಈಗ ಮಾಲಿ, ಸೀಲಿಯಾ ಈಗ ಸಿಸೀಲಿಯಾ. ಹೆಸರು ಬದಲಾಗಿದ್ದಕ್ಕೆ ಇಪ್ಪತ್ತು ವರ್ಷ ಹಿಂದಿನ ಮಕ್ಕಳು, ಈಗ ಸ್ವತಃ ಅಪ್ಪ ಅಮ್ಮ ಆದವರು, ಗೊಣಗಿದರು. ಋತುವಿಗೆ ಹತ್ತು ದಿನದ ಲೆಕ್ಕ ಹಾಗೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಟ್ಸುಮೆಯೂ ‘ಹಾರ್ವೆಸ್ಟ್ ಮೂನ್: ದಿ ವಿಂಡ್ಸ್ ಆಫ್ ಆಂಥೋಸ್’ ತಂದಿತು.

ಬ್ಯಾರೋನ್ ಈಗ ಬೇರೆಯೇ ಇಕ್ಕಟ್ಟಿನಲ್ಲಿದ್ದಾನೆ. 2021ರ ಅಕ್ಟೋಬರಿನಲ್ಲಿ ‘ಹಾಂಟೆಡ್ ಚಾಕೊಲೆಟಿಯರ್’ ಎಂಬ ಹೊಸ ಆಟ ಘೋಷಿಸಿದ ಮೇಲೂ ಹಳೆಯ ಹೊಲ ಅವನನ್ನು ಬಿಡಲಿಲ್ಲ. 2024ರ ಮಾರ್ಚ್‌ನಲ್ಲಿ ಸ್ಟಾರ್‌ಡ್ಯೂಗೆ ದೊಡ್ಡದೊಂದು ಅಪ್‌ಡೇಟ್ ಕೊಟ್ಟ, ಅದೂ ಬಿಟ್ಟಿಯಾಗಿ. ಅಪ್‌ಡೇಟ್‌ಗಳಿಗೆ ಎಂದೂ ಕಾಸು ಕೇಳುವುದಿಲ್ಲವೆಂದು ತನ್ನ ಮನೆತನದ ಮರ್ಯಾದೆಯ ಮೇಲೆ ಆಣೆಯನ್ನೂ ಇಟ್ಟ. ಒಂದು ಗುಂಪು ಇನ್ನೂ ಬೇಕು, ಇನ್ನೂ ಒಂದು ಋತು, ಇನ್ನೂ ಒಂದು ಮದುವೆ ಎನ್ನುತ್ತಿದೆ. ಇನ್ನೊಂದು ಗುಂಪು ಆ ಹೊಲ ಬಿಟ್ಟು ಚಾಕೊಲೇಟ್ ಅಂಗಡಿಗೆ ಬಾ ಎಂದು ಕರೆಯುತ್ತಿದೆ.